ಹಳೇ ಕಾಂಪ್ಲೆಕ್ಸಿನ ಮಹಡಿಯೋ, ಹೊರಗಿನ ಹೊಸ ಮಳಿಗೆಯೋ?

ಶಿವಮೊಗ್ಗದಲ್ಲಿ ಬಾಡಿಗೆಗೆ ಮಳಿಗೆ ಹುಡುಕುವವರಿಗೆ ಸಾಮಾನ್ಯವಾಗಿ ಎರಡು ದಾರಿ. ಪೇಟೆ ನಡುವಿನ ದುರ್ಗಿಗುಡಿ, ನೆಹರೂ ರಸ್ತೆ ಕಡೆಯ ಹಳೇ ಕಾಂಪ್ಲೆಕ್ಸಿನ ಮಹಡಿ, ಇಲ್ಲವೇ ಪೇಟೆಯಿಂದ ಹೊರಗೆ ಸವಳಂಗ ರಸ್ತೆಯಂಥ ಕಡೆ ಹೊಸ ಕಟ್ಟಡ.

ಬಟ್ಟೆ, ಚಪ್ಪಲಿ, ಬೇಕರಿ ಆದರೆ ಮಹಡಿ ಬೇಡವೇ ಬೇಡ. ಕಣ್ಣಿಗೆ ಬೀಳದ ಅಂಗಡಿಗೆ ಯಾರು ಮೆಟ್ಟಿಲು ಹತ್ತುತ್ತಾರೆ? ಹಿಂದೆ ಎಸ್‌ಟಿಡಿ ಬೂತು, ಕ್ಯಾಸೆಟ್ ಅಂಗಡಿಗಳಿಗೆ ಜನ ಹತ್ತುತ್ತಿದ್ದರು. ಮೊಬೈಲ್ ಬಂದ ಮೇಲೆ ಆ ವ್ಯಾಪಾರಗಳೇ ಹೋದವು, ಶಟರ್ ಎಳೆದದ್ದು ಎಳೆದ ಹಾಗೇ ಉಳಿಯಿತು. ಆದರೆ ಟ್ಯೂಷನ್, ಟೈಲರಿಂಗ್, ಆಡಿಟರ್ ಆಫೀಸಿಗೆ ಅದೇ ಜಾಗ ಚೆನ್ನ. ಇಲ್ಲಿಗೆ ಜನ ಹುಡುಕಿಕೊಂಡೇ ಬರುತ್ತಾರೆ, ಅಲ್ವಾ? ಬಾಡಿಗೆಯಲ್ಲೂ ಚೌಕಾಸಿಗೆ ಜಾಗ ಇರುತ್ತದೆ.

ಒಂದೇ ಮಾತು: ಹಳೇದನ್ನು ಜುಲೈ ಮಳೆಯಲ್ಲಿ ನೋಡಿ. ಕಿಟಕಿ ಕೆಳಗಿನ ಗೋಡೆಗೆ ಉಗುರು ತಾಗಿಸಿ. ಬಣ್ಣ ಹಪ್ಪಳದ ಹಾಗೆ ಎದ್ದು ಬಂದರೆ ಪುಸ್ತಕ, ಬಟ್ಟೆ ಇಡುವ ಆಸೆ ಬಿಡಿ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತಲೂ ಕೇಳಿ (ಸುಮ್ನೆ ಹೇಳುತ್ತಿಲ್ಲ).

ಹೊಸ ಮಳಿಗೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಬಹುದು. ಅಡ್ವಾನ್ಸ್ ಜಾಸ್ತಿ, ಸಂಜೆ ನಡೆದು ಬರುವ ಗಿರಾಕಿ ಕಡಿಮೆ.

ನನ್ನನ್ನು ಕೇಳಿದರೆ, ಸೇವೆ ಕೊಡುವವರು ಹಳೇದಕ್ಕೆ ಹೋಗಿ, ಸರಕು ಮಾರುವವರು ಹೊಸದಕ್ಕೆ. ಎಲ್ಲಿಗೇ ಹೋದರೂ ಮೆಸ್ಕಾಂ ಕರೆಂಟ್ ಬಿಲ್ ಬಾಕಿ ಇದೆಯಾ ನೋಡಿಕೊಳ್ಳಿ. ಕರಾರು ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.