ಬೆಂಗಳೂರಿಂದ ಕೆಜಿಎಫ್, ಒಂದು ದಿನದ ಪ್ರವಾಸ: ಹೋಗಿ ಬನ್ನಿ

ಪ್ರವಾಸ ನಡೆಸುವ ಒಂದು ಚಿಕ್ಕ ತಂಡದ ಜೊತೆ ಕಳೆದ ಭಾನುವಾರ ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಹೋಗಿ ಬಂದೆ. ಬೆಳಿಗ್ಗೆ ರೈಲು, ಬಂಗಾರಪೇಟೆ ದಾಟಿ ಮಾರಿಕುಪ್ಪಂ, ಅಲ್ಲಿಂದ ನಡಿಗೆ. ಹೊರಟಿದ್ದು ಶಾಫ್ಟ್, ಅಂದ್ರೆ ಗಣಿಗೆ ಇಳಿಯೋ ಬಾವಿ, ನೋಡೋಣ ಅಂತ. ಮೂರು ದಿನ ಆದ್ರೂ ತಲೆಯಲ್ಲಿ ಇರೋದು ಒಂದು ಅಡುಗೆಮನೆ.

ನಮಗೆ ಊರು ತೋರಿಸಿದ ಅಕ್ಕ ಚಾಂಪಿಯನ್ ರೀಫ್ ಗಣಿ ಕಡೆಯ ಲೈನ್ ಮನೆಯಲ್ಲೇ (ಗಣಿ ಕಾರ್ಮಿಕರ ಸಾಲುಮನೆ) ಹುಟ್ಟಿ ಬೆಳೆದವರು. ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ, 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು, ಇದನ್ನೆಲ್ಲ ಎರಡೇ ಮಾತಲ್ಲಿ ಮುಗಿಸಿ, ತಮ್ಮ ಅಮ್ಮನ ದಿನ ಹೇಗಿತ್ತು ಅಂತ ಹೇಳೋಕೆ ಶುರು ಮಾಡಿದರು.

ಗಂಡನ ಶಿಫ್ಟ್ ಯಾವುದೋ ಅದೇ ಮನೆಯ ಗಡಿಯಾರ. ಸೈರನ್ ಕೂಗೋ ಮುಂಚೆ ಬುತ್ತಿ ಕಟ್ಟಬೇಕು, ಬೀದಿ ನಲ್ಲಿಯಲ್ಲಿ ಕೊಡ ಇಟ್ಟು ಸಾಲು ಹಿಡಿಯಬೇಕು, ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದರೆ ಇರೋ ಒಂದೇ ಕೋಣೆಯಿಂದ ಮಕ್ಕಳನ್ನು ಹೊರಗೆ ಸಾಗಹಾಕಬೇಕು. ಗಾಳಿಗಾಲದಲ್ಲಿ ಸೈನೈಡ್ ದಿಬ್ಬದ, ಅಂದ್ರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಯ, ನುಣ್ಣನೆ ಮಣ್ಣು ಮನೆಯೊಳಗೇ ಬರುತ್ತಿತ್ತು. ಅನ್ನದ ಪಾತ್ರೆಗೆ ತಟ್ಟೆ, ತಟ್ಟೆ ಮೇಲೆ ಒದ್ದೆ ಬಟ್ಟೆ. ಬಟ್ಟೆಯ ನಾಲ್ಕು ಮೂಲೆ ತಟ್ಟೆಯಡಿ ಹೇಗೆ ಸಿಕ್ಕಿಸ್ತಿದ್ರು ಅಂತ ಅಕ್ಕ ಕೈಯಾರೆ ಮಾಡಿ ತೋರಿಸಿದರು. ಆದರೂ ತುತ್ತು ಕರಕರ ಅನ್ನುತ್ತಿತ್ತಂತೆ.

ಕೆಳಗೆ ಗಣಿಯಲ್ಲಿ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಗೂಡಿನಲ್ಲಿದ್ದ ಪಾತ್ರೆ ಅದುರುತ್ತಿದ್ದವು. "ಲೋಟ ಸದ್ದು ಮಾಡಿದ್ರೆ ಅಮ್ಮ ಒಲೆ ಹಾಗೇ ಬಿಟ್ಟು ಶಾಫ್ಟ್ ಕಡೆ ಓಡೋರು ಮೇಡಂ. ಅಪ್ಪ ಮನೇಲೇ ಮಲಗಿದ್ರೂ ಓಡೋರು, ಪಕ್ಕದ ಮನೆಯೋರು ಕೆಳಗಿರ್ತಾರಲ್ಲ" ಅಂದರು. ನಮ್ಮ ಗುಂಪಲ್ಲಿ ಯಾರೂ ಮಾತಾಡಲಿಲ್ಲ.

2001ರಲ್ಲಿ ಗಣಿ ಮುಚ್ಚಿದ ಮೇಲೆ ಈ ಅಕ್ಕ ವರ್ಷಗಟ್ಟಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬಂದವರು. ಈಗ ನಮ್ಮಂಥವರನ್ನು ಅದೇ ರೈಲುದಾರಿಯಲ್ಲಿ ಕರೆಸಿಕೊಳ್ಳುತ್ತಾರೆ.

ಬೇಜಾರಾಗಿದ್ದು ಎರಡು. ಇಂಗ್ಲಿಷರ ಬಂಗಲೆಗಳ ಮುಂದೆ ಒಂದೂವರೆ ಗಂಟೆ ಫೋಟೊಗೇ ಹೋಯಿತು, ಲೈನ್ ಮನೆಗಳಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಇದು ತಿರುಗಾಮುರುಗಾ ಆಗಬೇಕಿತ್ತು ಅಲ್ವಾ? ಇನ್ನೊಂದು, ಮಧ್ಯಾಹ್ನದ ಊಟದವರೆಗೂ ಹೆಂಗಸರಿಗೆ ಟಾಯ್ಲೆಟ್ ಸಿಗಲಿಲ್ಲ. ತಂಡದವರಿಗೆ ನೇರವಾಗಿ ಹೇಳಿದ್ದೇನೆ.

ಊಟ ಚೆನ್ನಾಗಿತ್ತು. ಟೋಪಿ, ನೀರು ಮರೆಯಬೇಡಿ, ನೆರಳು ಕಮ್ಮಿ. ಬುಕ್ ಮಾಡುವಾಗಲೇ ಲೈನ್ ಮನೆ ಹತ್ತಿರ ಜಾಸ್ತಿ ಹೊತ್ತು ಬೇಕು ಅಂತ ಕೇಳಿ.