ಒಂದೇ ಲ್ಯಾಡಲ್, ನಾಲ್ಕು ಸ್ಯಾಂಪಲ್: ದಪ್ಪ-ತೆಳು ಎರಕಕ್ಕೆ ಯಾವುದು ಸರಿ?

ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಕೆಲಸ ಮಾಡಿದವರಿಗೆಲ್ಲ ವೈ ಬ್ಲಾಕ್ (ಲೋಹದ ಬಲ ನೋಡಲು ಬೇರೆಯಾಗಿ ಎರೆಯುವ ವೈ ಆಕಾರದ ತುಂಡು) ಗೊತ್ತು. ಎಸ್‌ಜಿ ಐರನ್ (ಮೆಗ್ನೀಸಿಯಂ ಹಾಕಿ ಒಳಗಿನ ಗ್ರಾಫೈಟನ್ನು ಉಂಡೆಯಾಗಿಸಿದ ಎರಕದ ಕಬ್ಬಿಣ) ಸುರಿದ ಮೇಲೆ ಲ್ಯಾಡಲ್‌ನಲ್ಲಿ, ಅಂದರೆ ಕರಗಿದ ಲೋಹದ ಪಾತ್ರೆಯಲ್ಲಿ, ಉಳಿದಿದ್ದನ್ನು ಅದರ ಮೌಲ್ಡ್‌ಗೆ ಸುರಿಯುತ್ತೇವೆ. ಆಮೇಲೆ ಕೆಳಗಿನ ಭಾಗ ಕತ್ತರಿಸಿ, ಲೇತ್‌ನಲ್ಲಿ ಕಡೆದು, ಮುರಿಯುವವರೆಗೆ ಎಳೆದು ನೋಡುತ್ತೇವೆ. ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದೆ. ಒಂದು ಬ್ರಾಕೆಟ್ ಜಾಬ್ (ಗಿರಾಕಿಗೆ ಎರೆದುಕೊಟ್ಟ ಭಾಗ) ವಾಪಸ್ ಬಂದಾಗ ಮಾತ್ರ ತಲೆ ಕೆಡಿಸಿಕೊಳ್ಳಬೇಕಾಯಿತು.

ಜಾಬ್ ಸುಮಾರು 40 ಕೆಜಿ, ಗ್ರೇಡ್ 500/7, ಅಂದರೆ ಎಳೆದಾಗ ಕನಿಷ್ಠ 500 ಎಂಪಿಎ (ಬಲದ ಅಳತೆ) ತಡೆಯಬೇಕು, ಮುರಿಯುವ ಮುಂಚೆ ಕನಿಷ್ಠ 7 ಪರ್ಸೆಂಟ್ ಹಿಗ್ಗಬೇಕು. ಫ್ಲ್ಯಾಂಜ್ (ಚಪ್ಪಟೆ ಅಂಚು) 12 ಮಿ.ಮೀ., ನಡುವೆ 80 ಮಿ.ಮೀ. ವ್ಯಾಸದ ಗಟ್ಟಿ ಬಾಸ್ (ಗುಂಡನೆಯ ದಪ್ಪ ಭಾಗ). ನಮ್ಮ 25 ಮಿ.ಮೀ. ದಪ್ಪದ ವೈ ಬ್ಲಾಕ್ ಆರಾಮಾಗಿ ಪಾಸ್ ಆಗಿತ್ತು. ಗಿರಾಕಿ ಬಾಸ್‌ನ ನಡುವಿನಿಂದ ಕತ್ತರಿಸಿ ಎಳೆದರು, 500 ಮುಟ್ಟಲಿಲ್ಲ. ನಮ್ಮ ಹಿರಿಯ ಮೌಲ್ಡರ್ ಕಾಕಾ ಒಂದೇ ಮಾತು ಕೇಳಿದರು: "ಬ್ಲಾಕ್ ಪಾಸ್ ಆತ್ರಿ ಸರ್, ಜಾಬ್ ಪಾಸ್ ಆತೇನ್ರಿ?"

ಹಾಗಾಗಿ ಒಂದೇ ಲ್ಯಾಡಲ್‌ನಿಂದ ಎಲ್ಲವನ್ನೂ ಸುರಿದು ಹೋಲಿಸಿದೆವು. 25ರ ವೈ ಬ್ಲಾಕ್, 75ರ ವೈ ಬ್ಲಾಕ್, ಬಾಸ್‌ಗೆ ಅಂಟಿಸಿ ಎರೆದ ಸ್ಯಾಂಪಲ್, ಕೊನೆಗೆ ಜಾಬ್ ಕೊಯ್ದು ತೆಗೆದದ್ದು.

25ರದ್ದು 530 ಎಂಪಿಎ ಕೊಟ್ಟಿತು. ಬಾಸ್‌ನ ನಡುಭಾಗ 460. ಲೋಹ ಒಂದೇ, ಮೆಗ್ನೀಸಿಯಂ ಒಂದೇ, ಆದರೂ 70ರ ವ್ಯತ್ಯಾಸ. ಕಾರಣ ತಣ್ಣಗಾಗುವ ವೇಗ. ನಿಧಾನವಾಗಿ ತಣ್ಣಗಾದ ಕಡೆ ಗ್ರಾಫೈಟ್ ಉಂಡೆಗಳು ಕಡಿಮೆ ಮತ್ತು ದೊಡ್ಡವು, ಫೆರೈಟ್ (ಕಬ್ಬಿಣದ ಮೆತ್ತನೆ ರೂಪ) ಜಾಸ್ತಿ, ಹಾಗಾಗಿ ಬಲ ಕಡಿಮೆ. ಫ್ಲ್ಯಾಂಜ್ ಕಥೆ ಉಲ್ಟಾ. ಅಲ್ಲಿ ಎಳೆದು ನೋಡಲು 14 ಮಿ.ಮೀ. ವ್ಯಾಸದ ತುಂಡು ಸಿಗುವುದೇ ಇಲ್ಲ, 7 ಮಿ.ಮೀ.ದು ಕಡೆದೆವು. 575 ಬಂತು, ಆದರೆ ಹಿಗ್ಗಿದ್ದು ಬರೀ 4 ಪರ್ಸೆಂಟ್. ಅಂಚಿನಲ್ಲಿ ಸ್ವಲ್ಪ ಕಾರ್ಬೈಡ್ (ಗಡಸಾದ, ಬೇಗ ಒಡೆಯುವ ಅಂಶ) ಕೂಡ ಕಂಡಿತು. ಅಂದರೆ 25ರ ಬ್ಲಾಕ್ ಈ ಜಾಬ್‌ನ ಯಾವ ಭಾಗದ ಬಗ್ಗೆಯೂ ಹೇಳುತ್ತಿರಲಿಲ್ಲ. ಲ್ಯಾಡಲ್‌ನ ಲೋಹ ಚೆನ್ನಾಗಿದೆ ಅಂತಷ್ಟೇ ಹೇಳುತ್ತಿತ್ತು.

75ರ ಬ್ಲಾಕ್ ಹಾಕಿಸಿದ್ದು ನನ್ನದೇ ತಪ್ಪು. ಬಾಸ್ 80 ಇದೆ, 75 ಹತ್ತಿರ ಅಲ್ವಾ ಅಂದುಕೊಂಡೆ. ಆದರೆ ಸುತ್ತಲೂ ಮರಳಿರುವ ಗುಂಡನೆಯ ಬಾಸ್ ಎಲ್ಲ ಕಡೆಯಿಂದಲೂ ಬಿಸಿ ಬಿಡುತ್ತದೆ, ಚಪ್ಪಟೆ ಗೋಡೆ ಎರಡೇ ಕಡೆಯಿಂದ. ಘನಗಾತ್ರವನ್ನು ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದರೆ 80 ವ್ಯಾಸದ ಉದ್ದನೆ ದುಂಡಿಗೆ 20 ಬರುತ್ತದೆ, 40ರ ಗೋಡೆಗೂ ಅಷ್ಟೇ. ಅಂದರೆ ತಣ್ಣಗಾಗುವ ಲೆಕ್ಕದಲ್ಲಿ ನಮ್ಮ ಬಾಸ್ 40 ಮಿ.ಮೀ. ಗೋಡೆಯ ಹಾಗೆ. 75ರ ಬ್ಲಾಕ್ 435 ತೋರಿಸಿ ಜಾಬ್‌ಗೆ ಸುಮ್ನೆ ಕೆಟ್ಟ ಹೆಸರು ತಂದಿತು. ಮೇಲಾಗಿ ಒಂದು ಬ್ಲಾಕ್‌ಗೆ ಹತ್ತಿರ ಹತ್ತಿರ 25 ಕೆಜಿ ಲೋಹ! 50ರ ಬ್ಲಾಕ್ ತೆಗೆದುಕೊಂಡಿದ್ದರೆ ಹತ್ತಿರ ಬರುತ್ತಿತ್ತು.

ಅಂಟಿಸಿ ಎರೆದ ಸ್ಯಾಂಪಲ್ 470 ಕೊಟ್ಟಿತು. ಬಾಸ್‌ಗೆ ತೀರಾ ಹತ್ತಿರ. ಅದೇ ಮೌಲ್ಡ್, ಅದೇ ಹೊತ್ತು, ಅದೇ ಬಿಸಿ. ಆದರೆ ಇದೇನೂ ಪುಕ್ಕಟೆ ಸಿಗುವುದಿಲ್ಲ. ಪ್ಯಾಟರ್ನ್ ತಿದ್ದಬೇಕು, ಮೌಲ್ಡ್ ಬಾಕ್ಸ್‌ನಲ್ಲಿ ಜಾಗ ಬೇಕು. ಮೊದಲ ಸಲ ಸ್ಯಾಂಪಲನ್ನು ಬಾಸ್‌ಗೆ ಕೂಡಿಸುವ ಕತ್ತು ದಪ್ಪ ಇಟ್ಟಿದ್ದೆವು. ಕೂಡಿದ ಜಾಗವೇ ಬಿಸಿ ಗಂಟಾಗಿ, ಬಾಸ್ ಕೊರೆದಾಗ ಒಳಗೆ ಶ್ರಿಂಕೇಜ್ (ಲೋಹ ಕುಗ್ಗಿ ಆದ ಟೊಳ್ಳು) ಕಂಡಿತು. ಪರೀಕ್ಷೆಗೆ ಅಂತ ಇಟ್ಟ ತುಂಡೇ ಜಾಬ್ ಕೆಡಿಸಿತ್ತು. ಕತ್ತು ಸಣ್ಣ ಮಾಡಿ, ಇನ್‌ಗೇಟ್‌ನಿಂದ (ಲೋಹ ಒಳಗೆ ಹರಿಯುವ ಬಾಯಿ) ದೂರ ಸರಿಸಿದ ಮೇಲೆ ಸರಿಹೋಯಿತು.

ಜಾಬ್ ಕೊಯ್ಯುವುದು ಎಲ್ಲಕ್ಕಿಂತ ನಿಜ, ಎಲ್ಲಕ್ಕಿಂತ ದುಬಾರಿ. ಹೊಸ ಪ್ಯಾಟರ್ನ್‌ಗೆ ಒಂದೆರಡು ಸಲ ಸರಿ. ಪ್ರತಿ ಹೀಟ್‌ಗೆ (ಒಂದು ಸಲ ಕರಗಿಸಿದ ಲೋಹ) ಯಾರು ಕೊಯ್ಯುತ್ತಾರೆ?

ಇನ್ನೊಂದು ವಿಷಯ ನಡುವೆ ಬಂತು. ಮೊದಲ ದಿನ ಹುಡುಗರು ಅವಸರಕ್ಕೆ ವೈ ಬ್ಲಾಕನ್ನು ಕೆಂಪಗಿರುವಾಗಲೇ ಮರಳಿನಿಂದ ಎಳೆದು ಹೊರಗೆ ಹಾಕಿದ್ದರು. ಗಾಳಿಗೆ ಬೇಗ ತಣ್ಣಗಾಗಿ ಪರ್ಲೈಟ್ (ಫೆರೈಟ್‌ಗಿಂತ ಗಟ್ಟಿ ರೂಪ) ಜಾಸ್ತಿಯಾಯಿತು, ಬಲ ಮೇಲೇರಿತು, ಹಿಗ್ಗು ಇಳಿಯಿತು. ಆ ರಿಸಲ್ಟ್ ಎಸೆದು ಮತ್ತೆ ಸುರಿದೆವು. ಸ್ಯಾಂಪಲ್ ಕೂಡ 500 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಮರಳಿನಲ್ಲೇ ಇರಬೇಕು. ಹೀಟ್ ಟ್ರೀಟ್‌ಮೆಂಟ್ ಇದ್ದರೆ ಜಾಬ್ ಜೊತೆಯಲ್ಲೇ ಹೋಗಬೇಕು.

ಗಿರಾಕಿ ಜೊತೆಗಿನ ಜಗಳ ಮುಗಿದದ್ದು ಎಸ್‌ಜಿ ಐರನ್‌ನ ಯುರೋಪಿಯನ್ ಸ್ಟ್ಯಾಂಡರ್ಡ್ ಇಎನ್ 1563ರ ಪಟ್ಟಿ ಎದುರಿಗಿಟ್ಟಾಗ. 500-7ಕ್ಕೆ ಅದು 30 ಮಿ.ಮೀ.ವರೆಗೆ 500, 30ರಿಂದ 60ಕ್ಕೆ 450, 60ರಿಂದ 200ಕ್ಕೆ 420 ಎಂಪಿಎ ಕೇಳುತ್ತದೆ. ದಪ್ಪ ಹೆಚ್ಚಾದರೆ ಬಲ ಇಳಿಯುತ್ತದೆ ಅಂತ ಸ್ಟ್ಯಾಂಡರ್ಡೇ ಒಪ್ಪಿಕೊಂಡಿದೆ. ನಮ್ಮದು 40ರ ಲೆಕ್ಕ, 470 ಇದೆ. ಡ್ರಾಯಿಂಗ್‌ನಲ್ಲಿ ಬರೀ "500/7" ಅಂತಿತ್ತು, ಯಾವ ಸ್ಯಾಂಪಲ್, ಯಾವ ಗೋಡೆ ಅಂತ ಇರಲಿಲ್ಲ. ಇಬ್ಬರೂ ಕೇಳಿರಲಿಲ್ಲ.

ಈಗ ಈ ಜಾಬ್‌ಗೆ ಅಂಟಿಸಿದ ಸ್ಯಾಂಪಲ್ಲೇ ಲೆಕ್ಕಕ್ಕೆ. 25ರ ವೈ ಬ್ಲಾಕನ್ನೂ ಬಿಟ್ಟಿಲ್ಲ. ಪ್ರತಿ ಲ್ಯಾಡಲ್‌ನ ಕೊನೆಗೆ ಸುರಿಯುತ್ತೇವೆ, ಮೆಗ್ನೀಸಿಯಂ ಇಳಿದಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ. ಬಾಸ್ ಮೇಲೆ ಬಿಎಚ್‌ಎನ್ (ಬ್ರಿನೆಲ್ ಗಡಸುತನ) ನೋಡುತ್ತೇವೆ. ಎಲ್ಲ ಗೋಡೆಯೂ ಹೆಚ್ಚುಕಡಿಮೆ ಒಂದೇ ದಪ್ಪ ಇರುವ ಸಣ್ಣ ಜಾಬ್‌ಗಳಿಗೆ ಇಷ್ಟೆಲ್ಲ ಬೇಡ, ವೈ ಬ್ಲಾಕ್ ಸಾಕು. ಹೊಸ ವಿಚಾರಣೆ ಬಂದರೆ ಮಾತ್ರ ರೇಟ್ ಹೇಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ: ಲೋಡ್ ಬೀಳುವುದು ಯಾವ ಗೋಡೆ ಮೇಲೆ? ಪ್ಯಾಟರ್ನ್ ಆದಮೇಲೆ ಕೇಳಿದರೆ ತಿದ್ದುವ ಖರ್ಚು ನಮ್ಮ ತಲೆಗೇ.