ರಾತ್ರಿ ಮಾತ್ರ ಮಂಕಾಗುತ್ತಿದ್ದ ಇಂಡಿಕೇಟರ್: ಕೋಲಾರದ ಒಂದು ಎಲೆಕ್ಟ್ರಿಷಿಯನ್ ಅಂಗಡಿ

ನನ್ನದು ಟೊಮೆಟೊ ಸಾಗಿಸುವ ಪಿಕಪ್. ಸೀಸನ್‌ನಲ್ಲಿ ದಿನಾ ಕೋಲಾರ ಎಪಿಎಂಸಿಗೆ 15 ಕೆಜಿ ಬಾಕ್ಸ್‌ಗಳನ್ನು ಇಳಿಸಿ, ಖಾಲಿ ಬಾಕ್ಸ್ ತುಂಬಿಕೊಂಡು ಶ್ರೀನಿವಾಸಪುರ ರಸ್ತೆಯಲ್ಲಿ ಊರಿಗೆ ವಾಪಸ್ ಬರುತ್ತೇನೆ. ಬರುವಷ್ಟರಲ್ಲಿ ಎಷ್ಟೋ ಸಲ ಕತ್ತಲಾಗಿರುತ್ತದೆ.

ಹೋದ ವರ್ಷ ಹಳೇ ಹೆಡ್‌ಲೈಟ್ ಗಾಜು ಹಳದಿ ಆಗಿತ್ತು ಅಂತ ಹೊರಗಿನ ಸೆಟ್ ಒಂದನ್ನು ಹಾಕಿಸಿದೆ. ಕಂಪನಿ ಸೆಟ್‌ಗಿಂತ ಅರ್ಧ ರೇಟು. ನೋಡೋಕೂ ಚೆನ್ನಾಗಿತ್ತು. ದೊಡ್ಡ ಲೈಟಿಗೆ ಮಾಮೂಲಿ ಬಲ್ಬೇ, ಇಂಡಿಕೇಟರ್ ಮಾತ್ರ ಒಳಗೇ ಎಲ್‌ಇಡಿ, ಅದರ ಪಕ್ಕ ಬಿಳಿ ಪಟ್ಟಿ. ಹಾಕಿದ ದಿನವೇ ಎರಡೂ ಕಡೆ ಇಂಡಿಕೇಟರ್ ಪಟಪಟ ಅಂತ ಹೊಡೆದುಕೊಳ್ಳೋಕೆ ಶುರುವಾಯಿತು. ಹಾಕಿಕೊಟ್ಟವರು ಎರಡು ರೆಸಿಸ್ಟರ್ ಸೇರಿಸಿ ಸರಿ ಮಾಡಿದರು. ಕೆಲವು ತಿಂಗಳಾದ ಮೇಲೆ ಎಡಗಡೆ ಮತ್ತೆ ಪಟಪಟ. ಬಲಗಡೆ ಇನ್ನೊಂದು ತೊಂದರೆ: ಒಂದೊಂದು ಸಲ ಬೆಳಕೇ ಕಾಣುತ್ತಿರಲಿಲ್ಲ.

ಬಲಗಡೆಯದು ಗೊತ್ತಾಗಿದ್ದು ಹೇಗೆ ಅಂದರೆ, ಒಂದು ರಾತ್ರಿ ನಮ್ಮೂರ ದಾರಿಗೆ ಬಲಕ್ಕೆ ತಿರುಗುವಾಗ ಎದುರಿಂದ ಬೈಕ್‌ನಲ್ಲಿ ಬಂದ ಹುಡುಗ ಜೋರಾಗಿ ಬ್ರೇಕ್ ಹಿಡಿದು, ಜಾರಿ, ಹೇಗೋ ನಿಂತ. "ಇಂಡಿಕೇಟರ್ ಹಾಕೋಕಾಗಲ್ವಾ?" ಅಂತ ಕೂಗಿದ. ನಾನು ಹಾಕಿದ್ದೆ. ಮೀಟರ್‌ನಲ್ಲಿ ಬಾಣದ ಗುರುತು ಹೊಡೆದುಕೊಳ್ಳುತ್ತಲೇ ಇತ್ತು. ಇಳಿದು ಮುಂದೆ ಹೋಗಿ ನೋಡಿದರೆ ಕೆಂಡದ ಹಾಗೆ ಮಂಕಾಗಿ ಉರಿಯುತ್ತಿದೆ, ಪಕ್ಕದ ಬಿಳಿ ಪಟ್ಟಿಯ ಬೆಳಕಿನಲ್ಲಿ ಅದೂ ಮುಚ್ಚಿಹೋಗಿದೆ. ಆ ಹುಡುಗನಿಗೆ ಏನಾದರೂ ಆಗಿದ್ದರೆ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ತೋರಿಸಿದ ಎರಡು ಕಡೆ ಹಗಲು ಹೊತ್ತಿನಲ್ಲೇ ನೋಡಿದರು. ಹಗಲಲ್ಲಿ ಎಲ್ಲಾ ಸರಿ ಇರುತ್ತಿತ್ತು. ಒಬ್ಬರು ಸ್ವಿಚ್ ಬದಲಾಯಿಸಿದರು, ಇನ್ನೊಬ್ಬರು ಇಡೀ ಸೆಟ್ ಬದಲಾಯಿಸಿ ಅಂದರು.

ಆಮೇಲೆ ಮಾರ್ಕೆಟ್‌ನಲ್ಲಿ ಡ್ರೈವರ್ ಒಬ್ಬರು ಹೇಳಿದ್ದು ಬಂಗಾರಪೇಟೆ ರಸ್ತೆಯ ಈ ಸಣ್ಣ ಅಂಗಡಿ. ಪಂಕ್ಚರ್ ಅಂಗಡಿ ಪಕ್ಕ, ಒಂದು ಶಟರ್, ಒಳಗೆ ಹಳೇ ಸ್ಟಾರ್ಟರ್ ಮೋಟರ್‌ಗಳ ರಾಶಿ. ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಬಾನೆಟ್ ಎತ್ತುವ ಮುಂಚೆ ಭಾಯ್ ಕೇಳಿದ್ದು ಒಂದೇ ಮಾತು: "ಅಣ್ಣ, ಇದು ಯಾವಾಗ ಆಗುತ್ತೆ? ಹಗಲೂ ಆಗುತ್ತಾ, ರಾತ್ರಿ ಮಾತ್ರಾನಾ?" ರಾತ್ರಿ ಮಾತ್ರ ಅಂದೆ. "ಹಾಗಾದರೆ ಹೆಡ್‌ಲೈಟ್ ಹಾಕಿ" ಅಂದರು. ಹಾಕಿದ ತಕ್ಷಣ ಬಲಗಡೆ ಇಂಡಿಕೇಟರ್ ಮಂಕಾಯಿತು. ಹಗಲು ಹನ್ನೊಂದು ಗಂಟೆಗೆ!

ಆಮೇಲೆ ಮಲ್ಟಿಮೀಟರ್ ತಂದು ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಲೈಟಿನ ಕಪ್ಪು ವೈರಿಗೆ ಇಟ್ಟು ನನಗೇ ತೋರಿಸಿದರು. ಹೆಡ್‌ಲೈಟ್ ಆಫ್ ಇದ್ದಾಗ ಹೆಚ್ಚೂಕಡಿಮೆ ಸೊನ್ನೆ. ಆನ್ ಮಾಡಿದರೆ ಮೂರು ವೋಲ್ಟ್ ಮೇಲೆ. ಆ ಕಪ್ಪು ವೈರೇ ಅರ್ತ್, ಅಂದರೆ ಕರೆಂಟ್ ಗಾಡಿ ಬಾಡಿ ಮೂಲಕ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಅದು ಗಟ್ಟಿ ಇದ್ದರೆ ಆಗಲೂ ಸೊನ್ನೆ ಹತ್ತಿರವೇ ಇರಬೇಕು. ಹೆಡ್‌ಲೈಟ್, ಇಂಡಿಕೇಟರ್ ಎರಡಕ್ಕೂ ಒಂದೇ ಅರ್ತ್ ವೈರು. ಇಂಡಿಕೇಟರ್ ಒಂದೇ ಉರಿದರೆ ಕರೆಂಟ್ ಕಡಿಮೆ, ಹೇಗೋ ನಡೆಯುತ್ತದೆ. 55 ವಾಟ್‌ನ ದೊಡ್ಡ ಬಲ್ಬ್ ಹತ್ತಿದರೆ ನಾಲ್ಕೂವರೆ ಆಂಪಿಯರ್ ಅದೇ ಸಡಿಲ ಜಾಗದಲ್ಲಿ ಹಾದು ಹೋಗಬೇಕು. ಅಲ್ಲೇ ವೋಲ್ಟ್ ತಿಂದುಹೋಗಿ ಎಲ್‌ಇಡಿಗೆ ಸಾಕಾಗುವುದಿಲ್ಲ. ಬಿಚ್ಚಿ ನೋಡಿದರೆ ವೈರನ್ನು ಪೇಂಟ್ ಮೇಲೇ ಸ್ಕ್ರೂ ಹೊಡೆದು ಕೂರಿಸಿದ್ದರು, ಸುತ್ತ ತುಕ್ಕು. ಆ ಕಡೆ ಹೆಡ್‌ಲೈಟ್ ಕೂಡ ಸ್ವಲ್ಪ ಡಲ್ ಅಂತ ನನಗೆ ಅನ್ನಿಸುತ್ತಿದ್ದದ್ದು ಸುಮ್ನೆ ಅಲ್ಲ.

ಭಾಯ್ ಎಮರಿ ಪೇಪರ್‌ನಲ್ಲಿ ತಗಡು ಬೆಳ್ಳಗಾಗುವ ತನಕ ಉಜ್ಜಿದರು. ವೈರ್ ತುದಿಗೆ ಬೋಲ್ಟ್ ಕೂರುವ ಹೊಸ ಲಗ್ ಹಾಕಿ, ಬೆಸುಗೆ ಮಾಡಿ, ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿದರು. ಜೊತೆಗೆ ಇನ್ನೊಂದು ವೈರನ್ನು ನೇರ ಚಾಸಿಗೆ ಎಳೆದರು. ಕೇಳದೇ ಇದ್ದರೂ ಎಡಗಡೆಗೂ ಹಾಗೇ ಮಾಡಿದರು.

ಎಡಗಡೆ ಪಟಪಟದ ಕಾರಣ ಬೇರೆ. ಇಂಡಿಕೇಟರ್ ಹತ್ತಿ ಆರುವ ಹಾಗೆ ಮಾಡುವ ಸಣ್ಣ ಡಬ್ಬಿಯೇ ಫ್ಲಾಶರ್. ಹಳೇ ಫ್ಲಾಶರ್‌ಗೆ ಒಂದು ಕಡೆ 21 ವಾಟ್‌ನ ಎರಡು ಬಲ್ಬ್ ಎಳೆಯುವಷ್ಟು ಕರೆಂಟ್ ಬೇಕು. ಎಲ್‌ಇಡಿ ಅಷ್ಟು ಎಳೆಯುವುದಿಲ್ಲ. ಬಲ್ಬ್ ಸುಟ್ಟಿದೆ ಅಂದುಕೊಂಡು ಅದು ಬೇಗ ಬೇಗ ಹೊಡೆಯುತ್ತದೆ. ರೆಸಿಸ್ಟರ್ ಹಾಕಿದ್ದು ಆ ಕೊರತೆ ತುಂಬೋಕೆ. ಆದರೆ ಅದು ಮುಟ್ಟೋಕಾಗದಷ್ಟು ಕಾಯುತ್ತದೆ. ಹಾಕಿದವರು ಅದನ್ನು ಪ್ಲಾಸ್ಟಿಕ್‌ಗೆ ಒತ್ತಿಸಿ ಟ್ಯಾಗ್ ಕಟ್ಟಿದ್ದರು. ಹಿಂಬದಿ ಪ್ಲಾಸ್ಟಿಕ್ ಕರಗಿ, ವೈರ್ ಸುಟ್ಟು ಬಿಟ್ಟುಕೊಂಡಿತ್ತು. ನೋಡಿ ಎದೆ ಧಸಕ್ ಅಂತು. ಪಕ್ಕದಲ್ಲೇ ಎಲ್ಲಾ ವೈರಿಂಗ್ ಹೋಗುತ್ತದೆ ಅಲ್ವಾ?

ಭಾಯ್ ಎರಡೂ ರೆಸಿಸ್ಟರ್ ತೆಗೆದು, ಎಲ್‌ಇಡಿಗೆ ಆಗುವ ಮೂರು ಪಿನ್ನಿನ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿದರು. ಪಿನ್ ಜಾಗ ಕೆಲವದರಲ್ಲಿ ಅದಲು ಬದಲು ಇರುತ್ತದೆ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ನೋಡಿ ಕೂರಿಸಿದರು. ನಿಮಿಷಕ್ಕೆ 60ರಿಂದ 120 ಸಲದ ಒಳಗೆ ಹೊಡೆಯಬೇಕು. ನಾನು ಫೋನ್ ನೋಡಿಕೊಂಡು ಎಣಿಸಿದೆ, 84 ಬಂತು. ಒಂದು ವಿಷಯ ಮಾತ್ರ ಒತ್ತಿ ಹೇಳಿದರು: ಇನ್ನು ಮೇಲೆ ಒಂದು ಲೈಟ್ ಹೋದರೂ ಇದು ಬೇಗ ಹೊಡೆದು ನಿಮಗೆ ಹೇಳೋದಿಲ್ಲ, ಗಾಡಿ ಸುತ್ತ ಒಂದು ಸಲ ನಡೆದು ನೀವೇ ನೋಡಿಕೊಳ್ಳಬೇಕು. ಈಗ ಲೋಡ್ ಹತ್ತಿಸುವಾಗ ದಿನಾ ನೋಡುತ್ತೇನೆ.

ಬಿಳಿ ಪಟ್ಟಿಯ ಕನೆಕ್ಷನ್ ತೆಗೆಸಿಬಿಟ್ಟೆ. ಇಂಡಿಕೇಟರ್ ಹಾಕಿದಾಗ ಅದು ತಾನಾಗೇ ಆರುವ ಸೆಟ್‌ಗಳೂ ಇವೆ, ನನ್ನದು ಹಾಗಲ್ಲ. ಅಂದಕ್ಕಿಂತ ಎದುರಿನವರಿಗೆ ಹಳದಿ ಬೆಳಕು ಕಾಣೋದು ಮುಖ್ಯ.

ಒಟ್ಟು 650 ರೂಪಾಯಿ. ಫ್ಲಾಶರ್ 250, ಉಳಿದದ್ದು ಕೂಲಿ ಮತ್ತು ವೈರು. ಎರಡು ಗಂಟೆ ಹಿಡಿಯಿತು. ಕೊರತೆ ಅಂದರೆ ಬಿಲ್ ಕೊಡೋದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಗಾಡಿ ರಸ್ತೆ ಪಕ್ಕವೇ ನಿಲ್ಲಿಸಬೇಕು, ಸಂಜೆ ಜಾಗ ಸಿಗೋದು ಕಷ್ಟ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಶಟರ್ ಮುಚ್ಚಿರುತ್ತದೆ.

ಆಮೇಲೆ ಎರಡು ತಿಂಗಳು ಮಳೆಯಲ್ಲೇ ಓಡಿಸಿದ್ದೇನೆ, ಒಂದು ಸಲವೂ ಮಂಕಾಗಿಲ್ಲ. ನೀವು ಹೋಗೋದಾದರೆ ಬೆಳಿಗ್ಗೆ ಹತ್ತರ ಸುಮಾರಿಗೆ ಹೋಗಿ. ತೊಂದರೆ ಯಾವ ಹೊತ್ತಿನಲ್ಲಿ, ಯಾವ ಲೈಟ್ ಹಾಕಿದಾಗ ಆಗುತ್ತದೆ ಅಂತ ನೋಡಿಕೊಂಡು ಹೋಗಿ, ಭಾಯ್ ಮೊದಲು ಕೇಳೋದು ಅದನ್ನೇ.